ಹೊಲದ ವಿಷವೂ ತೊಟ್ಟಿಯ ನೀರೂ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ರೂಢಿಯಂತೆ ಛಂದಸ್ಸನ್ನೋ ಷಟ್ಪದೀ ಕಾವ್ಯವೊಂದರ ಪಾಠಾಂತರಗಳನ್ನೋ ಕುರಿತು ಬರೆಯುವುದೆಂದು ಒಪ್ಪಿಕೊಂಡಿದ್ದೆನು. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಪ್ರಸಾದ ನಿಲಯದಲ್ಲಿ ನಡೆದ ಎರಡು ಸಂಗತಿಗಳು ಮನಸ್ಸನ್ನು ಬೇರೆಡೆಗೆ ತಿರುಗಿಸಿದವು. ದಾಸೋಹದ ಅಡಿಗೆಮನೆಗೆ ಭಕ್ತರೊಬ್ಬರು ತಂದಿಳಿಸಿದ ಬದನೆಕಾಯಿಯ ಚೀಲಗಳು ಒಂದು ಸಂಗತಿ. ಏಳನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಡೆಂಗಿ ಜ್ವರದಲ್ಲಿ ಮೃತ್ಯುವಿನ ಹೊಸ್ತಿಲನ್ನು ಕಂಡು ಮರಳಿದುದು ಇನ್ನೊಂದು. ಇವೆರಡಕ್ಕೂ ಮೇಲ್ನೋಟಕ್ಕೆ ಯಾವ ಸಂಬಂಧವೂ ಇಲ್ಲ. ಆಮೇಲೆ ನಮ್ಮ ವಿಜ್ಞಾನ ಶಿಕ್ಷಕರನ್ನು ಕಾಡಿ ಬೇಡಿ, ಅವರು ಕೊಟ್ಟ ಪುಸ್ತಕಗಳನ್ನು ಓದಿ, ತಿಳಿಯದಲ್ಲಿ ಕೇಳಿ ತಿಳಿದು, ಸಂಬಂಧವಿದೆಯೆಂದು ಮನಗಂಡೆನು. ವಿಜ್ಞಾನ ಪಾಠ ಹೇಳುವ ಅಧಿಕಾರ ನನಗಿಲ್ಲವೆಂಬುದನ್ನು ಬಲ್ಲೆ. ನನಗೆ ಪರಿಚಿತವಾದ ಬಾಗಿಲಿನಿಂದಲೇ, ಎಂದರೆ ಶಬ್ದದ ಬಾಗಿಲಿನಿಂದ, ಒಳಗೆ ಬರುತ್ತೇನೆ. ಪ್ರಾಜ್ಞರಾದ ವಾಚಕರು ಮನ್ನಿಸಬೇಕು.

ಸಂಸ್ಕೃತದಲ್ಲಿ ವಿಷ ಶಬ್ದಕ್ಕೆ ಗರಲವೆಂಬುದು ಒಂದರ್ಥ, ನೀರೆಂಬುದು ಇನ್ನೊಂದರ್ಥ. ವ್ಯಾಪಿಸು ಎಂಬ ಅರ್ಥದ ಧಾತುವಿನಿಂದ ಈ ಶಬ್ದವನ್ನು ಸಾಧಿಸುವುದು ವೈಯಾಕರಣರ ರೂಢಿ. ಹರಡುವ ಗುಣ ಎರಡಕ್ಕೂ ಸಮಾನವಷ್ಟೆ. ನಾವಿಂದು ದಿನಕ್ಕೆ ಹತ್ತು ಸಲ ಆಡುವ ವೈರಸ್ ಎಂಬ ಲ್ಯಾಟಿನ್ ಶಬ್ದಕ್ಕೂ ಮೂಲದಲ್ಲಿ ವಿಷವೆಂದೇ ಅರ್ಥ. ಭಾಷಾಶಾಸ್ತ್ರಜ್ಞರು ಅದನ್ನು ನಮ್ಮ ವಿಷ ಶಬ್ದದ ದಾಯಾದಿಯೆಂದು ಗುರುತಿಸಿರುವರು. ಅದನ್ನು ಕನ್ನಡದಲ್ಲಿ ವಿಷಾಣುವೆಂದು ಕರೆದವರು ಅರಿತೋ ಅರಿಯದೆಯೋ ದೂರದ ಬಂಧುವನ್ನು ಮನೆಗೆ ಕರೆತಂದಿದ್ದಾರೆ.

ಅಪ್ಪಯ್ಯ ದೀಕ್ಷಿತರ ಕುವಲಯಾನಂದವನ್ನು ಓದಿದವರಿಗೆ ಅಸಂಗತಿ ಎಂಬ ಅಲಂಕಾರದ ಪರಿಚಯವಿರುವುದು. ಕಾರಣವು ಒಂದು ಕಡೆ, ಅದರ ಕಾರ್ಯವು ಬೇರೊಂದು ಕಡೆ ಕಾಣಿಸಿಕೊಂಡರೆ ಅದು ಅಸಂಗತಿ. ಅದಕ್ಕೆ ಅಲ್ಲಿ ಕೊಟ್ಟಿರುವ ಉದಾಹರಣೆಯ ಚಮತ್ಕಾರವೆಲ್ಲ ಈ ವಿಷ ಶಬ್ದದ ಎರಡು ಅರ್ಥಗಳ ಮೇಲೆಯೇ ನಿಂತಿದೆ: ಅದನ್ನು ಕುಡಿದುದು ಮೋಡ, ಎಚ್ಚರ ತಪ್ಪುವವರು ಬೇರೆ ಯಾರೋ. ಮೂವತ್ತು ವರ್ಷ ಇದನ್ನು ತರಗತಿಯಲ್ಲಿ ಹೇಳಿ, ವಿದ್ಯಾರ್ಥಿಗಳೊಡನೆ ನಕ್ಕಿದ್ದೇನೆ. ಹೊಲದ ವಿಷದ ವಿಚಾರದಲ್ಲಿ ಇದು ಅಲಂಕಾರವಲ್ಲ, ನಡೆಯುತ್ತಿರುವ ವಸ್ತುಸ್ಥಿತಿ. ಸಿಂಪಡಿಸುವವನ ಕಣ್ಣಿಗೆ ಬೀಳುವುದು ಸತ್ತ ಹುಳು ಮಾತ್ರ. ಉಳಿದ ಫಲವು ಬೇರೆ ಊರಿನಲ್ಲಿ, ಬೇರೆ ಎಲೆಯ ಮೇಲೆ, ಕೆಲವು ಸಲ ಬೇರೆ ತಲೆಮಾರಿನಲ್ಲಿ ಕಾಣಿಸಿಕೊಳ್ಳುವುದು.

ಬದನೆಕಾಯಿ ತಂದ ಭಕ್ತರ ಭಕ್ತಿಯಲ್ಲಿ ಎಳ್ಳಷ್ಟೂ ಕೊರತೆಯಿರಲಿಲ್ಲ. ಚೀಲ ಇಳಿಸುತ್ತ ಅವರು ಹೆಮ್ಮೆಯಿಂದ ಹೇಳಿದ ಮಾತು ಇದು: “ಗುರುಗಳ, ನಿನ್ನಿ ಸಂಜೀಕ ಎಣ್ಣಿ ಹೊಡೆಸೀನ್ರಿ. ಒಂದು ಹುಳಾ ಸೈತ ಇಲ್ಲ, ಕಣ್ಣ ಮುಚ್ಚಿ ಅಡಗಿ ಮಾಡಸ್ರಿ.” ಅಡಿಗೆಯವರು ಅಂದು ಅದನ್ನು ಬಳಸಲಿಲ್ಲ, ಬಳಸದಿದ್ದುದಕ್ಕೆ ಆ ಹಿರಿಯರು ನೊಂದುಕೊಂಡರು. ತಪ್ಪು ಅವರೊಬ್ಬರದೇ ಎನ್ನುವಂತಿಲ್ಲ, ಭಾಷೆಯದೂ ಇದೆ. ನಮ್ಮ ಕಡೆಯಲ್ಲಿ ಕೀಟನಾಶಕಕ್ಕೆ ಎಣ್ಣೆಯೆಂದು ಹೆಸರು, ಹಳೆಯ ಮೈಸೂರಿನ ಕಡೆ ಔಷಧಿಯೆಂದು ಹೆಸರು. ರಾತ್ರಿಯ ಹೊತ್ತು ಹಾವನ್ನು ಹುಳವೆಂದು ಕರೆಯುವ ನಮ್ಮ ಹಿರಿಯರು ಹೆದರಿಕೆಯಿಂದ ಹೆಸರನ್ನು ಮರೆಸುತ್ತಿದ್ದರು. ಅಲ್ಲಿ ಹೆಸರು ಮರೆಯಾದರೂ ಹೆದರಿಕೆ ಉಳಿಯುತ್ತಿತ್ತು. ಇಲ್ಲಿ ಹೆಸರಿನೊಡನೆ ಹೆದರಿಕೆಯೂ ಹೋಗಿದೆ. ಅಡಿಗೆಯ ಎಣ್ಣೆಯೂ ಎಣ್ಣೆಯೇ, ಇದೂ ಎಣ್ಣೆಯೇ ಎಂದಾದ ಮೇಲೆ ಖಾಲಿ ಡಬ್ಬವನ್ನು ತೊಳೆದು ಅಡಿಗೆಮನೆಯ ಗೂಡಿನಲ್ಲಿಡಲು ಮನಸ್ಸು ಹಿಂಜರಿಯದು.

ಈ ಗೊಂದಲಕ್ಕೆ ತೆತ್ತ ಬೆಲೆ ಅಲ್ಪವಲ್ಲ. 1958ರಲ್ಲಿ ಕೇರಳದಲ್ಲಿ ಗೋಧಿ ಹಿಟ್ಟಿನ ತಿನಿಸನ್ನು ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಿಟ್ಟಿನ ಚೀಲಗಳೂ ಪ್ಯಾರಾಥಿಯಾನ್ ಎಂಬ ಕೀಟನಾಶಕವೂ ಒಂದೇ ಹಡಗಿನಲ್ಲಿ ಬಂದಿದ್ದುವು. ವಿಷ ಸೋರಿ ಹಿಟ್ಟನ್ನು ಸೇರಿತ್ತು. ಆ ದುರಂತದ ತರುವಾಯ ನಡೆದ ವಿಚಾರಣೆಯ ಫಲವಾಗಿಯೇ 1968ರ ಕೀಟನಾಶಕಗಳ ಅಧಿನಿಯಮ ಬಂದಿತು. ಕಾನೂನು ಬಂದು ನಾಲ್ವತ್ತೈದು ವರ್ಷಗಳಾದ ಮೇಲೆ, 2013ರ ಜುಲೈ 16ರಂದು, ಬಿಹಾರದ ಸಾರಣ ಜಿಲ್ಲೆಯ ಹಳ್ಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟವನ್ನು ಉಂಡ 23 ಮಕ್ಕಳು ಅಸುನೀಗಿದರು. ಅಡಿಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಹೊಲದ ವಿಷ ಬೆರೆತಿದ್ದುದು ಪರೀಕ್ಷೆಯಿಂದ ತಿಳಿದುಬಂತು. ನೂರಾರು ಮಕ್ಕಳಿಗೆ ದಿನವೂ ಎರಡು ಹೊತ್ತು ಎಡೆ ಮಾಡುವ ಸಂಸ್ಥೆಯವರಾದ ನಾವು ಈ ವಾರ್ತೆಯನ್ನು ಪರರ ಸುದ್ದಿಯೆಂದು ಓದಿ ಮಡಿಸಿಡುವಂತಿಲ್ಲ.

ಪ್ಯಾರಾಥಿಯಾನ್, ಮೊನೊಕ್ರೊಟೊಫಾಸ್ ಮೊದಲಾದವು ಸಾವಯವ ರಂಜಕ ವರ್ಗಕ್ಕೆ ಸೇರಿದವು. ನರದಿಂದ ಸ್ನಾಯುವಿಗೆ ಆಜ್ಞೆಯನ್ನೊಯ್ಯುವ ರಸವೊಂದು ನಮ್ಮ ದೇಹದಲ್ಲಿದೆ. ಆಜ್ಞೆ ಮುಟ್ಟಿದೊಡನೆ ಆ ರಸವನ್ನು ಒಡೆದು ಹಾಕುವ ಕಿಣ್ವವೂ ಇದೆ. ಈ ವರ್ಗದ ವಿಷವು ಆ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಜ್ಞೆ ನಿಲ್ಲದೆ ಮೊಳಗುತ್ತಲೇ ಇರುವುದರಿಂದ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈತುಂಬ ಬೆವರು, ಸಾಸಿವೆಯಷ್ಟಾದ ಕಣ್ಣಪಾಪೆ, ಸ್ನಾಯುಗಳ ಅದುರು, ಕಡೆಗೆ ಉಸಿರಾಟದ ಸ್ತಂಭನ. ಕೀಟಕ್ಕೂ ಮನುಷ್ಯನಿಗೂ ಈ ಏರ್ಪಾಡು ಹೆಚ್ಚುಕಡಿಮೆ ಒಂದೇ ಆದುದರಿಂದ ವಿಷವು ಇಬ್ಬರಲ್ಲಿ ಭೇದವೆಣಿಸದು. ಕುಡಿಯಲೇಬೇಕೆಂದಿಲ್ಲ, ಚರ್ಮದಿಂದಲೂ ಉಸಿರಿನಿಂದಲೂ ಒಳಸೇರುವುದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಸಿಂಪಡಿಸಿದ ಇಪ್ಪತ್ತಕ್ಕೂ ಹೆಚ್ಚು ರೈತರೂ ಕೂಲಿಕಾರರೂ ಹೀಗೆ ಮಡಿದರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು; ತಲೆಯ ಮಟ್ಟಕ್ಕೆ ಸಿಂಪಡಿಸಿದ ಹನಿ ಸಿಂಪಡಿಸುವವನ ಮುಖಕ್ಕೇ ಇಳಿಯುತ್ತಿತ್ತು.

ಇವು ಬೇಗನೆ ಕೊಲ್ಲುವ ವಿಷಗಳು. ಮೆಲ್ಲಗೆ ಕೆಲಸಮಾಡುವುವುಗಳ ಕಥೆ ಇನ್ನೂ ಕ್ಲಿಷ್ಟ. ಅದನ್ನು ತಿಳಿಯಬೇಕಾದರೆ ಕನ್ನಡಿಗರಾದ ನಾವು ಕಾಸರಗೋಡಿನ ಕಡೆಗೆ ನೋಡಬೇಕು. ಎಣ್ಮಕಜೆ, ಪಡ್ರೆ ಮೊದಲಾದುವು ರಾಜ್ಯದ ಗಡಿಯಾಚೆಗಿದ್ದರೂ ನುಡಿಯಿಂದ ನಮ್ಮವೇ. ಅಲ್ಲಿನ ಗುಡ್ಡಗಳ ಮೇಲೆ ಸರ್ಕಾರೀ ನಿಗಮವೊಂದರ ಗೇರುತೋಟ ಸಾವಿರಾರು ಹೆಕ್ಟೇರ್ ಹಬ್ಬಿತ್ತು. ಗೇರುಹೂವನ್ನು ಹಾಳುಮಾಡುವ ಟೀ ಸೊಳ್ಳೆಯೆಂಬ ಕೀಟದ ನಿವಾರಣೆಗೆಂದು (ಹೆಸರು ಸೊಳ್ಳೆಯಾದರೂ ಅದು ತಿಗಣೆಯ ಬಳಗದ್ದು) 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ತೋಟ ಗುಡ್ಡದ ಮೇಲೆ, ಮನೆಗಳೂ ತೋಡುಗಳೂ ನೀರು ಹರಿದುಬರುವ ಸುರಂಗಗಳೂ ಕೆಳಗೆ. ಮೊದಲು ಕರುಗಳು ಅಂಗವಿಕಲವಾಗಿ ಹುಟ್ಟಿದವು. ಕೃಷಿ ಪತ್ರಕರ್ತರಾದ ಶ್ರೀಪಡ್ರೆಯವರು ಅದನ್ನು ಬಹು ಮುಂಚೆಯೇ ಪತ್ರಿಕೆಯಲ್ಲಿ ಬರೆದು ಎಚ್ಚರಿಸಿದರು. ಬಳಿಕ, ಅಲ್ಲಿಯೇ ವೃತ್ತಿ ನಡೆಸುತ್ತಿದ್ದ ವೈದ್ಯ ಮೋಹನ ಕುಮಾರರು ತಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳು ಅಸಹಜವಾಗಿ ಹೆಚ್ಚಿರುವುದನ್ನು ಲಕ್ಷಿಸಿದರು. ನಮ್ಮ ದಕ್ಷಿಣ ಕನ್ನಡದ ಬೆಳ್ತಂಗಡಿ, ಪುತ್ತೂರು ತಾಲ್ಲೂಕುಗಳ ಗೇರುತೋಟಗಳ ಆಸುಪಾಸಿನಲ್ಲಿಯೂ, ವಿಶೇಷವಾಗಿ ಕೊಕ್ಕಡದ ಸುತ್ತಮುತ್ತ, ಇಂಥ ನೋವಿನ ಮನೆಗಳಿವೆ.

ರೋಗಕ್ಕೂ ವಿಷಕ್ಕೂ ಇರುವ ನಂಟಿನ ಬಗೆಗೆ ತಜ್ಞಸಮಿತಿಗಳು ವರ್ಷಗಟ್ಟಲೆ ವಾದಿಸಿದವು, ಒಂದರ ಮಾತು ಇನ್ನೊಂದಕ್ಕೆ ಒಪ್ಪಲಿಲ್ಲ. ಅಸಂಗತಿಯ ಸ್ವಭಾವವೇ ಅಂಥದು. ಸಿಂಪಡಿಸಿದ ದಿನಕ್ಕೂ ಮಗು ಹುಟ್ಟಿದ ದಿನಕ್ಕೂ ನಡುವೆ ವರ್ಷಗಳಿವೆ. ಸಾಕ್ಷಿ ಹೇಳಬೇಕಾದ ಗಾಳಿ ನೀರುಗಳು ಹರಿದುಹೋಗಿವೆ. ಕರ್ನಾಟಕವು 2011ರ ಫೆಬ್ರವರಿಯಲ್ಲಿ ಎಂಡೋಸಲ್ಫಾನನ್ನು ನಿಷೇಧಿಸಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಾದ್ಯಂತ ಅದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಕಾಸರಗೋಡಿನ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಆ ನ್ಯಾಯಾಲಯ ಆಜ್ಞಾಪಿಸಿದುದು 2017ರ ಜನವರಿಯಲ್ಲಿ. ಮೊದಲ ಕರು ವಿಕಾರವಾಗಿ ಹುಟ್ಟಿದಂದಿನಿಂದ ಲೆಕ್ಕ ಹಾಕಿದರೆ ಮೂವತ್ತು ವರ್ಷ ಮೀರಿದ ವಿಳಂಬವಿದು.

ಹಾಗಾದರೆ ವಿಷದಿಂದ ಲೋಕಕ್ಕೆ ಉಪಕಾರವೇ ಆಗಿಲ್ಲವೆ? ಆಗಿದೆ, ಅದನ್ನು ಮುಚ್ಚಿಟ್ಟರೆ ಪಕ್ಷಪಾತವಾದೀತು. ಡಿ.ಡಿ.ಟಿ.ಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲ್ಲರ್ ಅವರಿಗೆ 1948ರಲ್ಲಿ ನೊಬೆಲ್ ಪಾರಿತೋಷಕ ದೊರೆತುದು ವೈದ್ಯಶಾಸ್ತ್ರದ ವಿಭಾಗದಲ್ಲಿ. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯ ನಿಯಂತ್ರಣ ಕಾರ್ಯಕ್ರಮ ಆರಂಭವಾಗುವ ಮೊದಲು ವರ್ಷಕ್ಕೆ ಸುಮಾರು 7.5 ಕೋಟಿ ಜನ ಆ ಜ್ವರಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. ಮನೆಮನೆಯ ಗೋಡೆಗೆ ಡಿ.ಡಿ.ಟಿ. ಹೊಡೆದುದರಿಂದ 1965ರ ಹೊತ್ತಿಗೆ ಅದು ಒಂದು ಲಕ್ಷದ ಆಸುಪಾಸಿಗೆ ಇಳಿಯಿತು. ಮಲೇರಿಯ ತೊಲಗಿತೆಂದೇ ಎಲ್ಲರೂ ಎಣಿಸಿದ್ದರು. 1976ರಲ್ಲಿ ರೋಗಿಗಳ ಸಂಖ್ಯೆ 64 ಲಕ್ಷ ದಾಟಿತ್ತು! ಹಣದ ಕೊರತೆ, ಮೇಲ್ವಿಚಾರಣೆಯ ಶೈಥಿಲ್ಯ ಮೊದಲಾದ ಕಾರಣಗಳೊಡನೆ ಮುಖ್ಯವಾದ ಕಾರಣ ಇನ್ನೊಂದಿತ್ತು: ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾಗಿದ್ದುವು.

ಸೊಳ್ಳೆಗೆ ಮದ್ದು ಒಗ್ಗಿಹೋಯಿತು ಎಂದು ಜನ ಹೇಳುವುದುಂಟು. ಈ ಮಾತು ಪೂರ್ತಿ ಸರಿಯಲ್ಲ. ಒಂದೊಂದು ಸೊಳ್ಳೆಯೂ ವ್ಯಾಯಾಮ ಮಾಡಿ ಗಟ್ಟಿಯಾದುದಲ್ಲ. ರೈತನು ಬೀಜಕ್ಕೆಂದು ಜೋಳದ ತೆನೆಗಳನ್ನು ಹೇಗೆ ಆರಿಸುವನು? ಗಟ್ಟಿಯಾದುದನ್ನು ಉಳಿಸಿ, ಜೊಳ್ಳನ್ನು ಬಿಡುವನು. ನಾವು ವಿಷ ಸಿಂಪಡಿಸುವಾಗ ಸೊಳ್ಳೆಗಳ ವಿಚಾರದಲ್ಲಿ ಇದನ್ನೇ ಮಾಡುತ್ತೇವೆ. ಲಕ್ಷ ಸೊಳ್ಳೆಗಳಲ್ಲಿ ಹುಟ್ಟಿನಿಂದಲೇ ವಿಷವನ್ನು ಸಹಿಸಬಲ್ಲವು ಹತ್ತಿದ್ದರೆ, ಉಳಿದವೆಲ್ಲ ಸತ್ತು ಆ ಹತ್ತೇ ಬೀಜಕ್ಕೆ ಉಳಿಯುವುವು. ಮುಂದಿನ ಪೀಳಿಗೆಗಳು ಅವುಗಳ ಸಂತಾನ. ಮಲೇರಿಯ ಹರಡುವ ಅನಾಫಿಲಿಸ್ ಸೊಳ್ಳೆ ಗದ್ದೆ, ಕಾಲುವೆ, ಹಳ್ಳಗಳ ನೀರಿನಲ್ಲಿ ಮರಿಮಾಡುವುದರಿಂದ ಬೆಳೆಗೆ ಹೊಡೆದ ವಿಷವೂ ಅದನ್ನು ಹೀಗೆ ಜರಡಿ ಹಿಡಿಯುವುದು. ಮಧ್ಯ ಅಮೆರಿಕದ ಹತ್ತಿ ಬೆಳೆಯುವ ಪ್ರದೇಶಗಳಲ್ಲಿ ಇದು ಬಹಳ ಹಿಂದೆಯೇ ಸ್ಪಷ್ಟವಾಗಿತ್ತು.

ಡೆಂಗಿ ಹರಡುವ ಈಡಿಸ್ ಸೊಳ್ಳೆಯ ರೀತಿ ಬೇರೆ. ಅದಕ್ಕೆ ಗದ್ದೆ ಬೇಡ, ಚರಂಡಿ ಬೇಡ. ನಾವು ಕುಡಿಯಲು ತುಂಬಿಟ್ಟ ತಿಳಿನೀರೇ ಬೇಕು. ಕಚ್ಚುವುದು ಹಗಲಿನಲ್ಲಿ. ಆದುದರಿಂದ ಅದನ್ನು ಜರಡಿ ಹಿಡಿಯುತ್ತಿರುವುದು ಹೊಲದ ವಿಷಕ್ಕಿಂತ ಹೆಚ್ಚಾಗಿ ಬೀದಿಯ ಹೊಗೆಯಂತ್ರ, ಮನೆಯ ಬತ್ತಿ, ಸ್ವಿಚ್ಚಿಗೆ ಸಿಕ್ಕಿಸುವ ದ್ರವ. ಅವುಗಳಲ್ಲಿರುವ ಪೈರಿಥ್ರಾಯ್ಡ್ ವರ್ಗದ ವಸ್ತುಗಳನ್ನೇ ಹೊಲಕ್ಕೂ ಸಿಂಪಡಿಸುವುದು. ಡಬ್ಬದ ಬಣ್ಣ ಬೇರೆ, ವಸ್ತುವಿನ ಕುಲ ಒಂದೇ. ಇವುಗಳಿಗೂ ಜಗ್ಗದ ಈಡಿಸ್ ಸೊಳ್ಳೆಗಳು ಹಲವು ದೇಶಗಳಲ್ಲಿ ಕಂಡುಬಂದಿವೆ. ಹೊಗೆ ಹೊಡೆದೊಡನೆ ಪುರಜನರಿಗೆ ಸಮಾಧಾನವಾಗುವುದೇನೋ ನಿಜ. ಹಾರುವ ಸೊಳ್ಳೆಗಳಷ್ಟೇ ಸಾಯುವುವು, ತೊಟ್ಟಿಯೊಳಗಿನ ಮರಿಗಳು ವಾರ ಕಳೆಯುವುದರೊಳಗೆ ರೆಕ್ಕೆ ಬಿಚ್ಚುವುವು.

ಇನ್ನು ವಿಷಾಣು. ಓಲೆಗರಿಯ ಪ್ರತಿಗಳನ್ನು ಒರೆಗೆ ಹಚ್ಚಿ ನೋಡಿದವರಿಗೆ ಇದರ ಸ್ವಭಾವ ಬೇಗ ತಿಳಿಯುವುದು. ಲಿಪಿಕಾರನು ಪ್ರತಿ ಮಾಡುವಾಗ ಅಕ್ಷರ ತಪ್ಪುವನು. ತಿದ್ದುವವರಿಲ್ಲದಿದ್ದರೆ ಆ ತಪ್ಪು ಮುಂದಿನ ಪ್ರತಿಗೂ ಇಳಿಯುವುದು. ಶತಮಾನಗಳಲ್ಲಿ ಒಂದೇ ಕಾವ್ಯಕ್ಕೆ ಹಲವು ಪಾಠಗಳಾಗುವುವು. ಡೆಂಗಿ ವಿಷಾಣುವು ಆರ್.ಎನ್.ಎ. ಎಂಬ ಅಂಶದಲ್ಲಿ ತನ್ನ ಪಾಠವನ್ನು ಬರೆದುಕೊಂಡಿದೆ. ನಮ್ಮ ಜೀವಕೋಶದೊಳಗೆ ಅದು ತನ್ನ ಪ್ರತಿಗಳನ್ನು ಮಾಡಿಕೊಳ್ಳುವಾಗ ತಿದ್ದುವ ವ್ಯವಸ್ಥೆಯಿಲ್ಲ. ಹೆಚ್ಚಿನ ತಪ್ಪುಗಳಿಂದ ಅದಕ್ಕೇ ಹಾನಿ. ಎಲ್ಲೋ ಒಂದು ತಪ್ಪು ಅದಕ್ಕೆ ಅನುಕೂಲವಾಗಿ ಪರಿಣಮಿಸುವುದು. ಇದೇ ಬಗೆಯ ಚಿಕೂನ್‌ಗುನ್ಯ ವಿಷಾಣುವಿನಲ್ಲಿ ಅದನ್ನು ಕಣ್ಣಾರೆ ಕಂಡೆವು. 2006ರಲ್ಲಿ ಕರ್ನಾಟಕ ಒಂದರಲ್ಲಿಯೇ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ರೋಗಿಗಳು ಕೀಲು ಹಿಡಿದು ನರಳಿದರು. ಆ ಹೊತ್ತಿಗೆ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಅದರ ಹೊದಿಕೆಯ ಒಂದೇ ಒಂದು ‘ಅಕ್ಷರ’ ಬದಲಾಗಿ, ತೋಟಗಳಲ್ಲಿರುವ ಈಡಿಸ್ ಆಲ್ಬೊಪಿಕ್ಟಸ್ ಎಂಬ ಇನ್ನೊಂದು ಸೊಳ್ಳೆಯಲ್ಲಿಯೂ ಸಲೀಸಾಗಿ ಬೆಳೆಯುವ ಶಕ್ತಿ ಅದಕ್ಕೆ ಬಂದಿತ್ತು. 2007ರಲ್ಲಿ ಅದೇ ಪಾಠಭೇದ ಕೇರಳದಲ್ಲಿ ಕಾಣಿಸಿಕೊಂಡಿತು.

ಡೆಂಗಿಗೆ ಬಹುಕಾಲದಿಂದಲೇ ನಾಲ್ಕು ಪಾಠಗಳುಂಟು. ಒಂದು ಪಾಠದ ಜ್ವರ ಬಂದು ಹೋದರೆ ಅದೇ ಪಾಠದಿಂದ ಆಜೀವ ರಕ್ಷಣೆ ದೊರೆಯುವುದು. ಬೇರೆ ಪಾಠದಿಂದ ಕೆಲವು ತಿಂಗಳು ಮಾತ್ರ. ಆಮೇಲಿನ ಸ್ಥಿತಿ ವಿಪರೀತ. ಮೊದಲ ಜ್ವರದಲ್ಲಿ ದೇಹವು ತಯಾರಿಸಿದ ಪ್ರತಿಕಾಯಗಳು ಎರಡನೆಯ ಪಾಠದ ವಿಷಾಣುವನ್ನು ಗುರುತಿಸುವುವು, ಆದರೆ ಕೊಲ್ಲಲಾರವು. ಬದಲಿಗೆ ಅದರ ಕೈಹಿಡಿದು ಜೀವಕೋಶದೊಳಕ್ಕೆ ಕರೆದೊಯ್ಯುವುವು. ಹೀಗಾಗಿ ಎರಡನೆಯ ಡೆಂಗಿ ಮೊದಲನೆಯದಕ್ಕಿಂತ ಭೀಕರವಾಗುವ ಸಂಭವ ಹೆಚ್ಚು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ. ಲಸಿಕೆ ತಯಾರಿಸುವವರಿಗೂ ಇದು ದೊಡ್ಡ ತೊಡಕಾಗಿದೆ. ಫಿಲಿಪೀನ್ಸ್ ದೇಶದಲ್ಲಿ 2016ರಿಂದ ಎಂಟು ಲಕ್ಷಕ್ಕೂ ಹೆಚ್ಚು ಶಾಲಾ ಮಕ್ಕಳಿಗೆ ಲಸಿಕೆಯೊಂದನ್ನು ಹಾಕಲಾಯಿತು. ಹಿಂದೆ ಡೆಂಗಿಯೇ ಬಾರದ ಮಕ್ಕಳಲ್ಲಿ ಆ ಲಸಿಕೆಯಿಂದ ತೀವ್ರ ರೋಗದ ಅಪಾಯ ಹೆಚ್ಚುವುದೆಂದು 2017ರ ನವೆಂಬರಿನಲ್ಲಿ ತಯಾರಕರೇ ಪ್ರಕಟಿಸಿದರು, ಕಾರ್ಯಕ್ರಮ ನಿಂತಿತು. ನಾಲ್ಕು ಪಾಠಗಳಿಗೂ ಸಮನಾಗಿ ರಕ್ಷಣೆ ಕೊಡುವ ಲಸಿಕೆಗಾಗಿ ನಮ್ಮ ದೇಶದಲ್ಲಿ 2024ರ ಆಗಸ್ಟಿನಲ್ಲಿ ಮೂರನೆಯ ಹಂತದ ಪರೀಕ್ಷೆ ಆರಂಭವಾಗಿದೆ.

ಈಗ ಆ ಬಾಲಕನ ಸಂಗತಿ. ಮೂರು ದಿನ ಉರಿಜ್ವರ, ಕಣ್ಣಿನ ಹಿಂದೆ ನೋವು, ಮೈಕೈ ನುರಿತ. ನಾಲ್ಕನೆಯ ಬೆಳಿಗ್ಗೆ ಜ್ವರ ಇಳಿಯಿತು. ಗೆಳೆಯರು ಸಂತೋಷಪಟ್ಟರು, ನಾನೂ ಗಂಜಿ ಕುಡಿಸಿ, ಇನ್ನೇನು ಗುಣವಾಯಿತು ಎಂದು ಪಾಠಕ್ಕೆ ಹೋದೆನು. ಸಂಜೆಯ ವೇಳೆಗೆ ಹೊಟ್ಟೆ ಹಿಡಿದುಕೊಂಡು ಮುದುಡಿದ್ದ. ಮೂರು ಸಲ ವಾಂತಿ, ಕೈಕಾಲು ತಣ್ಣಗೆ. ನಿಲಯ ಪಾಲಕರು ಒಂದು ಕ್ಷಣವೂ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಒಯ್ದರು. ಅಲ್ಲಿನ ವೈದ್ಯರು ಹೇಳಿದ ಮಾತನ್ನು ಎಲ್ಲ ಶಿಕ್ಷಕ ಬಂಧುಗಳೂ ಪಾಲಕರೂ ನೆನಪಿಡಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ: ಡೆಂಗಿಯಲ್ಲಿ ಅಪಾಯದ ಗಳಿಗೆ ಜ್ವರ ಏರಿದಾಗಲ್ಲ, ಇಳಿದಾಗ. ಆಗ ರಕ್ತನಾಳಗಳಿಂದ ದ್ರವಾಂಶ ಒಸರಿಹೋಗಿ ನಾಡಿ ಕುಸಿಯುವುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಮೂಗುಗಳಲ್ಲಿ ರಕ್ತ, ವಿಪರೀತ ಮಂಕು, ಇವುಗಳಲ್ಲಿ ಯಾವುದು ಕಂಡರೂ ಆಸ್ಪತ್ರೆಯೇ ಗತಿ. ಜ್ವರಕ್ಕೆ ಪ್ಯಾರಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಕೊಡಕೂಡದು, ರಕ್ತಸ್ರಾವ ಹೆಚ್ಚುವುದು. ಹುಡುಗನಿಗೆ ಎರಡು ವರ್ಷಗಳ ಕೆಳಗೆ ಊರಿನಲ್ಲಿ ಇಂಥದೇ ಜ್ವರ ಬಂದಿತ್ತೆಂದು ಓಡಿಬಂದ ಅವನ ತಾಯಿ ಹೇಳಿದರು. ವೈದ್ಯರು ಸುಮ್ಮನೆ ತಲೆಯಾಡಿಸಿದರು. ಎರಡು ರಾತ್ರಿ ಸಲೈನ್ ಏರಿಸಿ ಕಾದ ಮೇಲೆ ಮೂರನೆಯ ದಿನ ಅವನು ತಾನಾಗಿ ನೀರು ಕೇಳಿದನು.

ಮರುವಾರ ಆರೋಗ್ಯ ಸಹಾಯಕರೊಬ್ಬರು ಬಂದು ಬ್ಯಾಟರಿ ಹಿಡಿದು ನಿಲಯವನ್ನೆಲ್ಲ ಶೋಧಿಸಿದರು. ಅಡಿಗೆಮನೆಯ ತೊಟ್ಟಿ ಶುದ್ಧವಾಗಿತ್ತು. ಹಿತ್ತಿಲಿನ ಒಡೆದ ಒರಳಿನಲ್ಲಿ ಕೆಲವು ಮರಿಗಳಿದ್ದುವು. ಅತಿ ಹೆಚ್ಚು ಸಿಕ್ಕಿದುದು ನನ್ನ ಕೋಣೆಯ ಕಿಟಕಿಯ ಹೊರಗೆ, ಗುಬ್ಬಿಗಳು ಕುಡಿಯಲೆಂದು ನಾನೇ ಅಕ್ಕರೆಯಿಂದ ಇಟ್ಟಿದ್ದ ಎರಡು ಮಣ್ಣಿನ ಬೋಗುಣಿಗಳಲ್ಲಿ. “ಗುರುಗಳ, ಇಲ್ಲಿ ನೋಡ್ರಿ” ಎಂದು ಅವರು ಬೆಳಕು ಬಿಟ್ಟಾಗ, ನೀರಿನಲ್ಲಿ ಕೊಂಕಿ ಕೊಂಕಿ ಆಡುತ್ತಿದ್ದ ಆ ಮರಿಗಳನ್ನು ಕಂಡು ನಾನು ಮಾತಾಡಲಿಲ್ಲ. ಹುಡುಗನು ಮಲಗುತ್ತಿದ್ದ ಕೊಠಡಿ ಅಲ್ಲಿಂದ ಮೂವತ್ತು ಹೆಜ್ಜೆ. ಈಡಿಸ್ ಸೊಳ್ಳೆ ಹುಟ್ಟಿದ ಜಾಗದಿಂದ ಒಂದೆರಡು ನೂರು ಮೀಟರಿನಾಚೆಗೆ ಹಾರುವುದು ಅಪರೂಪವಂತೆ. ಅವನನ್ನು ಕಚ್ಚಿದ ಸೊಳ್ಳೆ ನನ್ನ ಬೋಗುಣಿಯದೇ ಎಂದು ಯಾರೂ ಸಾಧಿಸಲಾರರು; ಅಲ್ಲವೆಂದು ನಾನೂ ಸಾಧಿಸಲಾರೆ.

ನಾನು ಪ್ರತಿದಿನ ಆ ಬೋಗುಣಿಗಳಿಗೆ ನೀರು ತುಂಬುತ್ತಿದ್ದೆನೇ ಹೊರತು ಉಜ್ಜಿ ತೊಳೆದುದಿಲ್ಲ. ಮೊಟ್ಟೆಯಿರುವುದು ನೀರಿನಲ್ಲಲ್ಲ, ನೀರಿನ ಅಂಚಿಗೆ ಮೇಲೆ ಪಾತ್ರೆಯ ಗೋಡೆಗೆ ಅಂಟಿಕೊಂಡು. ನೀರು ಚೆಲ್ಲಿ ಒಣಗಿಸಿದರೂ ಅದು ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ಮುಟ್ಟಿದಾಗ ಒಡೆಯುವುದು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ನೀರು ಚೆಲ್ಲಿ, ನಾರಿನಿಂದ ಗೋಡೆಯನ್ನು ಉಜ್ಜಿ, ಒಣಗಿಸಿ, ಆಮೇಲೆ ತುಂಬತಕ್ಕದ್ದು. ಚೆಲ್ಲಲಾಗದ ದೊಡ್ಡ ತೊಟ್ಟಿ, ಕಲ್ಯಾಣಿಗಳಲ್ಲಿ ಗಪ್ಪಿ, ಗಂಬೂಸಿಯ ಎಂಬ ಮರಿ ತಿನ್ನುವ ಮೀನುಗಳನ್ನು ಬಿಡಬಹುದು. 2024ರಲ್ಲಿ ನಮ್ಮ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಮರಿಮಾಡಲು ಎಡೆಗೊಟ್ಟವರಿಗೆ ದಂಡ ವಿಧಿಸುವ ನಿಯಮವನ್ನು ತಂದಿದೆ. ಆ ನಿಯಮದಂತೆ ನೋಡಿದರೆ ಮೊದಲ ದಂಡ ತೆರಬೇಕಾದವನು ನಾನು.

ಹೊಲದ ವಿಷದ ವಿಚಾರದಲ್ಲಿಯೂ ಕಾರಣವಿರುವಲ್ಲಿಯೇ ಮಾಡಬಹುದಾದ ಕೆಲಸಗಳಿವೆ. ಪ್ರತಿ ಡಬ್ಬದ ಮೇಲೂ ಬಣ್ಣದ ಗುರುತೊಂದು ಇರುವುದು: ಕೆಂಪು ಅತಿ ಘೋರ, ಅದರ ನಂತರ ಹಳದಿ, ನೀಲಿ, ಕಡೆಗೆ ಹಸಿರು. ಸಿಂಪಡಿಸಿದ ಮೇಲೆ ಕೊಯ್ಲಿಗೆ ಎಷ್ಟು ದಿನ ಕಾಯಬೇಕೆಂಬುದನ್ನೂ ಜೊತೆಯ ಚೀಟಿಯಲ್ಲಿ ಮುದ್ರಿಸಿರುವರು. ಆ ಅಕ್ಷರಗಳು ಎಷ್ಟು ಸಣ್ಣವೆಂದರೆ, ಓಲೆಗರಿ ಓದಿ ಪಳಗಿದ ನನ್ನ ಕಣ್ಣಿಗೂ ಭೂತಗನ್ನಡಿ ಬೇಕಾಯಿತು. ಈಗ ಒಂಬತ್ತನೆಯ ತರಗತಿಯ ಮಕ್ಕಳು ಕನ್ನಡದ ಅವಧಿಯಲ್ಲಿ ಇಂಥ ಚೀಟಿಗಳನ್ನು ದೊಡ್ಡಕ್ಷರದಲ್ಲಿ ನಕಲು ಮಾಡಿ, ತಮ್ಮ ತಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ ಬರುತ್ತಾರೆ. ಬದನೆಕಾಯಿ ತಂದಿದ್ದ ಹಿರಿಯರ ಮೊಮ್ಮಗಳೂ ಆ ತರಗತಿಯಲ್ಲಿದ್ದಾಳೆ. ಮುನಿಸು ತಿಳಿಯಾಗಿ, ಮೊನ್ನೆ ಅವರು ಮತ್ತೆರಡು ಚೀಲ ತಂದರು. ಹುಳು ಕೊರೆದ ಕಾಯಿಗಳೂ ಇದ್ದುವು. ಅಡಿಗೆಯವರು ಆ ಭಾಗವನ್ನು ಕೊಯ್ದು ಬಿಸುಟು ಉಳಿದುದನ್ನು ಬಳಸಿದರು.

ದಾಸೋಹದ ಅಡಿಗೆಮನೆಯ ಬಾಗಿಲಲ್ಲಿ ಈಗ ಒಂದು ಪುಸ್ತಕವನ್ನಿಟ್ಟಿದೆ. ಕಾಯಿಪಲ್ಯ, ಕಾಳುಕಡಿ ತರುವ ಭಕ್ತಾದಿಗಳು ಕೊನೆಯ ಸಲ ಏನನ್ನು ಯಾವ ದಿನ ಸಿಂಪಡಿಸಿದರೆಂಬುದನ್ನು ಅದರಲ್ಲಿ ಬರೆಯಿಸಬೇಕು. ಕಾಯುವ ದಿನಗಳು ತುಂಬದಿದ್ದರೆ ಪದಾರ್ಥವನ್ನು ಮರಳಿಸುವುದುಂಟು, ಅದನ್ನು ಯಾರೂ ಅನಾದರವೆಂದು ತಿಳಿಯಬಾರದು. ಕೀಟನಾಶಕ ತುಂಬಿದ್ದ ಡಬ್ಬ, ಚೀಲಗಳಲ್ಲಿ ಏನನ್ನು ತಂದರೂ ಸ್ವೀಕರಿಸುವುದಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ತೊಟ್ಟಿಗಳನ್ನು ಉಜ್ಜುವ ಕ್ರಮ ನಡೆದುಬರುತ್ತಿದೆ. ಗುಣವಾಗಿ ಬಂದ ಬಾಲಕನೇ ನನ್ನ ಬೋಗುಣಿಗಳ ಉಸ್ತುವಾರಿ ವಹಿಸಿಕೊಂಡಿದ್ದಾನೆ. ಪ್ರಸಾದ ನಿಲಯದ ಐದು ತೊಟ್ಟಿಗಳ ಪೈಕಿ ಮೂರಕ್ಕೆ ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಬಿಗಿಯಾದ ಮುಚ್ಚಳಗಳಾಗಿವೆ. ಸ್ನಾನಗೃಹದ ಹಿಂದಿನ ಎರಡಕ್ಕೆ ಇನ್ನೂ ಆಗಬೇಕಾಗಿದೆ.